ಕಲೆ, ಸಾಹಿತ್ಯ ಓದಿ ಏನು ಮಾಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ಕಲೆ, ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ, ಅಂದರೆ ಲಿಬರಲ್ ಆರ್ಟ್ಸ್ ಅನ್ನುವ ಓದಿನ ಮಾತು ಬಂದಾಗಲೆಲ್ಲ ಅವೇ ಕೆಲವು ಪ್ರಶ್ನೆಗಳು ಬರುತ್ತವೆ. ಕೆಲವನ್ನು ಕಾಲೇಜು ಸೇರುವ ಮಕ್ಕಳು ಕೇಳುತ್ತಾರೆ, ಕೆಲವನ್ನು ಅವರ ಅಪ್ಪ ಅಮ್ಮ. ಇನ್ನು ಕೆಲವನ್ನು ಕೇಳುವವರು ವರ್ಷಗಟ್ಟಲೆ ದುಡಿದು, ಈಗ ಏನಾದರೂ ಓದಬೇಕು ಅನ್ನಿಸಿದವರು. ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಸುಲಭದ್ದಕ್ಕೆ ಚಿಕ್ಕ ಉತ್ತರ ಕೊಟ್ಟಿದ್ದೇನೆ, ಕಷ್ಟದ್ದಕ್ಕೆ ಉದ್ದದ್ದು.

ಲಿಬರಲ್ ಆರ್ಟ್ಸ್ ಅಂದರೆ ಚಿತ್ರ ಬರೆಯೋದು, ಕವಿತೆ ಓದೋದು ಅಷ್ಟೇನಾ?

ಅಲ್ಲ. ಮಧ್ಯಯುಗದ ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಈ ಹೆಸರಿನಲ್ಲಿ 7 ವಿಷಯ ಕಲಿಸುತ್ತಿದ್ದರು. ವ್ಯಾಕರಣ, ತರ್ಕ, ಭಾಷಣಕಲೆ ಒಂದು ಗುಂಪು. ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ ಇನ್ನೊಂದು ಗುಂಪು. ಗಣಿತ ಮೊದಲಿನಿಂದಲೂ ಇದರ ಒಳಗೇ ಇತ್ತು, ಹೊರಗಿನಿಂದ ಬಂದದ್ದಲ್ಲ. ಈಗ ಇದರಲ್ಲಿ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ, ಕಲೆ, ಭಾಷೆಗಳ ಜೊತೆ ಗಣಿತ, ಮೂಲ ವಿಜ್ಞಾನ, ಸಮಾಜ ವಿಜ್ಞಾನವೂ ಸೇರಿವೆ. ಒಂದನ್ನು ಆಳವಾಗಿ ಓದಬೇಕು, ಉಳಿದವುಗಳ ಪರಿಚಯವೂ ಇರಬೇಕು. ಯಾವುದೋ ಒಂದು ಉದ್ಯೋಗಕ್ಕೆ ನೇರವಾಗಿ ತಯಾರು ಮಾಡುವ ಓದು ಇದಲ್ಲ, ಜನರ ಚಿಂತೆ ಶುರುವಾಗುವುದೂ ಅಲ್ಲಿಂದಲೇ.

ಸರಿ, ಆದರೆ ಇದರಿಂದ ಏನು ಪ್ರಯೋಜನ?

ಇದಕ್ಕೆ ಎಲ್ಲರೂ ಕೊಡುವ ಒಂದು ಉತ್ತರ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಜಾರ್ಜ್ ಬೂಲ್ ಅನ್ನುವ ಗಣಿತಜ್ಞ 1854ರಲ್ಲಿ ಮನುಷ್ಯ ಯೋಚಿಸುವ ರೀತಿಯನ್ನೇ ಬೀಜಗಣಿತದ ಹಾಗೆ ಬರೆಯಲು ಹೊರಟ. ಆ ಕಾಲದಲ್ಲಿ ಅದರಿಂದ ಯಾರಿಗೂ ಲಾಭ ಇರಲಿಲ್ಲ. ಎಂಬತ್ತು ವರ್ಷ ಕಳೆದ ಮೇಲೆ ಕ್ಲಾಡ್ ಶಾನನ್ ಅನ್ನುವ ಹುಡುಗ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮತ್ತು ಗಣಿತ ಓದುತ್ತಿದ್ದವನು, ತತ್ವಶಾಸ್ತ್ರದ ಒಂದು ತರಗತಿಗೂ ಹೋಗಿ ಕೂತ. ಬೂಲ್‌ನ ತರ್ಕ ಅವನಿಗೆ ಸಿಕ್ಕಿದ್ದು ಅಲ್ಲಿ. 1937ರಲ್ಲಿ ಸ್ನಾತಕೋತ್ತರ ಪ್ರಬಂಧ ಬರೆಯುವಾಗ, ವಿದ್ಯುತ್ ಸ್ವಿಚ್ಚುಗಳ ಜಾಲವನ್ನು ಅದೇ ತರ್ಕದಿಂದ ಲೆಕ್ಕ ಹಾಕಬಹುದು ಅಂತ ತೋರಿಸಿಕೊಟ್ಟ. ನೀವು ಇದನ್ನು ಓದುತ್ತಿರುವ ಫೋನು ಅಥವಾ ಕಂಪ್ಯೂಟರಿನ ಒಳಗೆ ಕೆಲಸ ಮಾಡುತ್ತಿರುವುದು ಅದೇ ತರ್ಕ.

ಕಥೆ ನಿಜ, ನನಗೂ ಇಷ್ಟ. ಆದರೆ ನನ್ನ ವಾದ ಇದರ ಮೇಲೆ ನಿಂತಿಲ್ಲ. ತತ್ವಶಾಸ್ತ್ರದ ತರಗತಿಗೆ ಹೋದವರೆಲ್ಲ ಶಾನನ್ ಆಗುವುದಿಲ್ಲ. ಮುಂದೊಂದು ದಿನ ಲಾಭ ಬಂದೀತು ಅಂತಷ್ಟೇ ಹೇಳಿದರೆ, ಲಾಭವೇ ಎಲ್ಲಕ್ಕೂ ಅಳತೆಗೋಲು ಅಂತ ಒಪ್ಪಿಕೊಂಡ ಹಾಗಾಯಿತು.

ನನಗೆ ಜಾಸ್ತಿ ಮುಖ್ಯ ಅನ್ನಿಸುವುದು ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಕಥೆ. ಅವನಪ್ಪ ಮೂರನೇ ವಯಸ್ಸಿಗೇ ಗ್ರೀಕ್ ಶುರು ಮಾಡಿಸಿದ. ಆಮೇಲೆ ತರ್ಕ, ಅರ್ಥಶಾಸ್ತ್ರ. ಸಮಾಜವನ್ನು ಸುಧಾರಿಸಲಿಕ್ಕೆಂದೇ ತಯಾರು ಮಾಡಿದ ಹುಡುಗ ಅವನು. 1826ರಲ್ಲಿ, ಇಪ್ಪತ್ತನೇ ವಯಸ್ಸಿನಲ್ಲಿ, ಅವನು ತನಗೆ ತಾನೇ ಒಂದು ಪ್ರಶ್ನೆ ಹಾಕಿಕೊಂಡ: ನಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಆಗಿಬಿಟ್ಟರೆ ನನಗೆ ಸಂತೋಷ ಆಗುತ್ತದಾ? ಒಳಗಿನಿಂದ ಬಂದ ಉತ್ತರ, ಇಲ್ಲ. ತಿಂಗಳುಗಟ್ಟಲೆ ಮನಸ್ಸು ಕುಸಿದೇ ಇತ್ತು. ಬರೀ ಬಿಡಿಸಿ ನೋಡುವ ಅಭ್ಯಾಸ ತನ್ನ ಭಾವನೆಗಳನ್ನೇ ಸವೆಸಿಬಿಟ್ಟಿದೆ ಅಂತ ಅವನಿಗೆ ಅನ್ನಿಸಿತು. 1828ರಲ್ಲಿ ವರ್ಡ್ಸ್‌ವರ್ತ್ ಕವಿತೆಗಳನ್ನು ಓದಿದ್ದು ತನ್ನನ್ನು ಮೇಲೆತ್ತಿತು ಅಂತ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆಮೇಲೂ ಅವನು ಅರ್ಥಶಾಸ್ತ್ರ ಬಿಡಲಿಲ್ಲ, ಹೆಂಗಸರ ಹಕ್ಕಿಗಾಗಿ ಸಂಸತ್ತಿನಲ್ಲಿ ವಾದಿಸಿದ. ಕೆಲಸ ಅದೇ. ಅದನ್ನು ಮಾಡುವ ಮನುಷ್ಯನಿಗೆ ಜೀವ ಬಂದಿತ್ತು.

ಯಾವ ಉದ್ಯೋಗವೂ ಉತ್ತರ ಕೊಡದ ಪ್ರಶ್ನೆಗಳು ಎಲ್ಲರ ಬದುಕಿನಲ್ಲೂ ಬರುತ್ತವೆ. ಯಾರನ್ನು ನಂಬಬೇಕು, ಎಷ್ಟಿದ್ದರೆ ಸಾಕು, ಹತ್ತಿರದವರು ತೀರಿಕೊಂಡಾಗ ಅದನ್ನು ತಡೆದುಕೊಳ್ಳೋದು ಹೇಗೆ, ಎಲ್ಲರೂ ಒಂದೇ ಕಡೆ ಓಡುವಾಗ ನಿಲ್ಲೋದು ಹೇಗೆ. ಈ ಪ್ರಶ್ನೆಗಳನ್ನು ಎದುರಿಸಿದವರು ಸಾವಿರಾರು ವರ್ಷಗಳಿಂದ ಬರೆದು, ಹಾಡಿ, ಚಿತ್ರಿಸಿ ಇಟ್ಟುಹೋಗಿದ್ದಾರೆ. ಅದೆಲ್ಲ ನಮಗೂ ಸೇರಿದ್ದು. ಅದನ್ನು ಪಡೆದುಕೊಳ್ಳೋದೇ ಪ್ರಯೋಜನ.

ಸಂಗೀತ ಕೇಳಿದರೆ ಮಕ್ಕಳ ಬುದ್ಧಿ ಚುರುಕಾಗುತ್ತದಂತೆ, ನಿಜಾನಾ?

ಹಾಗೆ ಹೇಳಿ ಸಾಕಷ್ಟು ಸಿ.ಡಿ.ಗಳನ್ನು ಮಾರಿದ್ದಾರೆ. ಮೂಲ ಏನಪ್ಪಾ ಅಂದರೆ, 1993ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಪುಟ್ಟ ಅಧ್ಯಯನ ಬಂತು. ಕಾಲೇಜು ವಿದ್ಯಾರ್ಥಿಗಳಿಗೆ 10 ನಿಮಿಷ ಮೊಜಾರ್ಟ್ ಸಂಗೀತ ಕೇಳಿಸಿ, ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಲೆಕ್ಕ ಕೊಟ್ಟರು. ಸ್ವಲ್ಪ ಚೆನ್ನಾಗಿ ಮಾಡಿದರು. ಆ ಪರಿಣಾಮ ಉಳಿದದ್ದು ಸುಮಾರು ಕಾಲು ಗಂಟೆ. ಶಿಶುಗಳ ಮೇಲೆ ಆ ಪ್ರಯೋಗ ನಡೆದೇ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಸಂಗೀತದ ಧ್ವನಿಮುದ್ರಿಕೆ ಕೊಡೋಣ ಅಂತ ಬಜೆಟ್‌ನಲ್ಲಿ ಹಣ ಕೇಳಿದರು.

ದಯವಿಟ್ಟು ಈ ಥರದ ವಾದಗಳಿಂದ ಕಲೆಯನ್ನು ಕಾಪಾಡಲು ಹೋಗಬೇಡಿ. ಗಣಿತದ ಅಂಕ ಜಾಸ್ತಿ ಆಗಲಿ ಅಂತ ಸಂಗೀತ ಕಲಿಸಿದರೆ, ಅಂಕ ಬರದೇ ಹೋದ ದಿನ ಸಂಗೀತವನ್ನೂ ನಿಲ್ಲಿಸುತ್ತಾರೆ. ಗಣಿತ ಬೇಕಿದ್ದರೆ ಗಣಿತವನ್ನೇ ಕಲಿಸಿ. ಸಂಗೀತವನ್ನು ಸಂಗೀತಕ್ಕಾಗಿ ಕಲಿಸಿ.

ಹೊಟ್ಟೆಗೆ ಹಿಟ್ಟಿದ್ದರೆ ತಾನೇ ಜುಟ್ಟಿಗೆ ಮಲ್ಲಿಗೆ ಹೂವು?

ಹಸಿದವರಿಗೆ ಮೊದಲು ಅನ್ನವೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನುಷ್ಯರು ಹೊಟ್ಟೆ ತುಂಬಿದ ಮೇಲೆ ಬಿಡುವಾದಾಗ ಕಲೆಯನ್ನು ಕಂಡುಹಿಡಿದರು ಅನ್ನೋದು ತಪ್ಪು. ಜರ್ಮನಿಯ ಗುಹೆಗಳಲ್ಲಿ ಸುಮಾರು 40,000 ವರ್ಷ ಹಳೆಯ ಕೊಳಲುಗಳು ಸಿಕ್ಕಿವೆ. ರಣಹದ್ದಿನ ಮೂಳೆಯವು, ಮ್ಯಾಮತ್ ಆನೆಯ ದಂತದವು. ಹಿಮಯುಗ ಅದು. ಬೇಸಾಯ ಇರಲಿಲ್ಲ, ಮಡಕೆ ಇರಲಿಲ್ಲ, ನಾಳೆ ಊಟ ಸಿಗುತ್ತದಾ ಅನ್ನೋದೇ ಗೊತ್ತಿರಲಿಲ್ಲ. ದಂತದ ಕೊಳಲು ಮಾಡೋದು ಸುಮ್ನೆ ಆಗುವ ಕೆಲಸ ಅಲ್ಲ. ಸೀಳಿ, ಒಳಗೆ ಕೊರೆದು, ಮತ್ತೆ ಗಾಳಿ ಸೋರದ ಹಾಗೆ ಅಂಟಿಸಬೇಕು. ಅಷ್ಟು ಕಷ್ಟದ ನಡುವೆ ಯಾರೋ ಕೂತು ಅದನ್ನು ಮಾಡಿದರು.

ಇನ್ನೊಂದು ಉದಾಹರಣೆ ನಮ್ಮ ಕಾಲಕ್ಕೆ ಹತ್ತಿರದ್ದು. 1941ರಿಂದ ಜರ್ಮನ್ ಸೇನೆ ರಷ್ಯಾದ ಲೆನಿನ್‌ಗ್ರಾಡ್ ನಗರವನ್ನು ಮುತ್ತಿಗೆ ಹಾಕಿತ್ತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. 1942ರ ಆಗಸ್ಟ್ 9ರಂದು, ಆ ಮುತ್ತಿಗೆಯ ಒಳಗೇ, ಸಂಗೀತ ರಚನಕಾರ ಶೊಸ್ತಕೋವಿಚ್‌ನ ಏಳನೇ ಸಿಂಫನಿ (ದೊಡ್ಡ ವಾದ್ಯವೃಂದಕ್ಕೆ ಬರೆದ ಕೃತಿ) ನುಡಿಸಿದರು. ವಾದ್ಯಗಾರರು ಎಷ್ಟು ಸೊರಗಿದ್ದರು ಅಂದರೆ ತಾಲೀಮಿನಲ್ಲಿ ಊದುವ ವಾದ್ಯಗಳಿಗೆ ಉಸಿರು ಸಾಲುತ್ತಿರಲಿಲ್ಲ. ಅವರಿಗೆ ಹೆಚ್ಚಿನ ಪಡಿತರ ಕೊಟ್ಟು ಚೇತರಿಸಬೇಕಾಯಿತು. ಸಂಗೀತವನ್ನು ಧ್ವನಿವರ್ಧಕಗಳಲ್ಲಿ ಶತ್ರುಗಳ ಕಡೆಗೂ ಕೇಳಿಸಿದರು. ಅದರಲ್ಲಿ ಸರ್ಕಾರದ ಪ್ರಚಾರವೂ ಇತ್ತು, ನಿಜ. ಆದರೆ ಹಸಿದ ಜನ ಸಭಾಂಗಣ ತುಂಬಿದ್ದು ಪ್ರಚಾರಕ್ಕಲ್ಲ ಅಂತ ನಾನು ನಂಬುತ್ತೇನೆ.

ಯುದ್ಧಕ್ಕೆ ಕಲೆಯ ಹಣ ಕಡಿತ ಮಾಡಿ ಅಂದಾಗ ಚರ್ಚಿಲ್ "ಹಾಗಾದರೆ ಯಾಕಾಗಿ ಹೋರಾಡುತ್ತಿದ್ದೇವೆ?" ಅಂದನಂತೆ?

ಅವನು ಹಾಗೆ ಹೇಳಿದ್ದಕ್ಕೆ ಯಾವ ದಾಖಲೆಯೂ ಇಲ್ಲ, ಹಂಚಬೇಡಿ. ನಿಜವಾಗಿ ನಡೆದದ್ದು ಇದಕ್ಕಿಂತ ಚೆನ್ನಾಗಿದೆ. 1939ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬಿನಿಂದ ಉಳಿಸಲು ಬೇರೆಡೆ ಸಾಗಿಸಿದರು. ಖಾಲಿಯಾದ ಕಟ್ಟಡದಲ್ಲಿ ಪಿಯಾನೋ ವಾದಕಿ ಮೈರಾ ಹೆಸ್ ಮಧ್ಯಾಹ್ನದ ಸಂಗೀತ ಕಚೇರಿಗಳನ್ನು ಶುರು ಮಾಡಿದರು. ಅವು 1946ರ ತನಕ ನಡೆದವು. 1942ರಿಂದ ತಿಂಗಳಿಗೆ ಒಂದೇ ಒಂದು ಚಿತ್ರವನ್ನು ವಾಪಸ್ ತಂದು ಜನರಿಗಾಗಿ ತೂಗುಹಾಕುತ್ತಿದ್ದರು.

ಸಾಹಿತ್ಯ ಓದಿದವರು ಒಳ್ಳೆಯವರಾಗುತ್ತಾರಾ?

ಆಗಲೇಬೇಕು ಅಂತೇನೂ ಇಲ್ಲ. ನಾಜಿ ನಾಯಕರಲ್ಲಿ ಎಷ್ಟೋ ಜನ ಸಂಗೀತಪ್ರಿಯರು, ಚಿತ್ರಗಳನ್ನು ಸಂಗ್ರಹಿಸುತ್ತಿದ್ದವರು. ಔಶ್ವಿಟ್ಸ್ ಶಿಬಿರದಲ್ಲಿ ಕೈದಿಗಳದ್ದೇ ವಾದ್ಯವೃಂದ ಇತ್ತು. ಬೆಳಗ್ಗೆ ಕೈದಿಗಳು ಕೂಲಿಗೆ ಹೊರಡುವಾಗ, ಸಂಜೆ ವಾಪಸ್ ಬರುವಾಗ ಅವರು ನುಡಿಸಬೇಕಿತ್ತು. ಇದನ್ನು ತಿಳಿದ ಮೇಲೆ "ಕಲೆ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ" ಅಂತ ಸಲೀಸಾಗಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ಕಥೆ ಓದಿದರೆ ಬೇರೆಯವರ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ ಅಂತ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು, ಬಹಳ ಸುದ್ದಿಯೂ ಆಯಿತು. 2016ರಲ್ಲಿ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ನಾಲ್ಕು ಪುಟ ಓದಿಸಿ ಮನುಷ್ಯನನ್ನು ಬದಲಿಸೋದು ಅಷ್ಟು ಸುಲಭ ಅಲ್ಲ, ಅಲ್ವಾ?

ಹಾಗಾದರೆ ಏನು ಉಳಿಯಿತು? ಒಂದು ಕಾದಂಬರಿ ಓದುವಾಗ ನೀವು ನಿಮ್ಮದಲ್ಲದ ಜಾತಿ, ಲಿಂಗ, ಕಾಲ, ದೇಶದ ಒಬ್ಬರ ತಲೆಯೊಳಗೆ ವಾರಗಟ್ಟಲೆ ಇರುತ್ತೀರಿ. ಅವರು ಮಾಡುವ ತಪ್ಪು ಅವರಿಗೆ ಯಾಕೆ ಸರಿ ಅನ್ನಿಸಿತು ಅಂತ ಒಳಗಿನಿಂದ ನೋಡುತ್ತೀರಿ. ಅದರಿಂದ ಬರುವುದು ತಿಳಿವಳಿಕೆ. ಆ ತಿಳಿವಳಿಕೆಯನ್ನು ದಯೆಗೆ ಬಳಸಬೇಕೋ ಮೋಸಕ್ಕೆ ಬಳಸಬೇಕೋ ಅನ್ನೋದು ಓದಿದವರ ಹೊಣೆ. ಪುಸ್ತಕದ ಮೇಲೆ ಅದನ್ನು ಹೊರಿಸಲಾಗದು.

ವಿಜ್ಞಾನ ಓದುವವರಿಗೆ ಇದೆಲ್ಲ ಯಾಕೆ ಬೇಕು?

ಚಂದ್ರನ ಕಥೆ ಕೇಳಿ. 1609ರಲ್ಲಿ ಇಬ್ಬರು ದೂರದರ್ಶಕವನ್ನು ಚಂದ್ರನ ಕಡೆ ತಿರುಗಿಸಿದರು. ಮೊದಲು ನೋಡಿದ್ದು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್, ಬಹಳ ಒಳ್ಳೆಯ ಗಣಿತಜ್ಞ. ತಾನು ಕಂಡದ್ದನ್ನು ಬರೆದೂ ಇಟ್ಟ. ಅದರಲ್ಲಿ ಬೆಳಕು ಕತ್ತಲೆ ಸೇರುವ ಗೆರೆ ಅಂಕುಡೊಂಕಾಗಿದೆ, ಅಲ್ಲಲ್ಲಿ ಮಸಿ ಬಳಿದ ಹಾಗಿದೆ, ಅಷ್ಟೇ. ಕೆಲವು ತಿಂಗಳ ಮೇಲೆ ಗೆಲಿಲಿಯೋ ನೋಡಿದ. ಅವನು ಚಿತ್ರಕಲೆ ಅಭ್ಯಾಸ ಮಾಡಿದವನು, ಮುಂದೆ ಫ್ಲಾರೆನ್ಸ್‌ನ ಚಿತ್ರಕಲಾ ಅಕಾಡೆಮಿಗೆ ಸದಸ್ಯನೂ ಆದ. ಉಬ್ಬುತಗ್ಗಿನ ಮೇಲೆ ಓರೆಯಾಗಿ ಬೆಳಕು ಬಿದ್ದರೆ ನೆರಳು ಎಲ್ಲಿ ಕೂರುತ್ತದೆ ಅಂತ ಅವನ ಕೈಗೆ ಗೊತ್ತಿತ್ತು. ಅದೇ ಕಪ್ಪು ಗುರುತುಗಳನ್ನು ನೋಡಿ ಅವನು ಬೆಟ್ಟಗಳನ್ನು ಕಂಡ, ನೆರಳಿನಿಂದ ಅವುಗಳ ಎತ್ತರ ಕೂಡ ಲೆಕ್ಕ ಹಾಕಿದ. 1610ರಲ್ಲಿ ಅವನ ಪುಸ್ತಕ ಬಂದ ಮೇಲೆ ಹ್ಯಾರಿಯಟ್ ಬರೆದ ಚಂದ್ರನ ಚಿತ್ರಗಳಲ್ಲೂ ಗುಂಡಿಗಳು ಕಾಣಿಸಿಕೊಂಡವು! ಗೆಲಿಲಿಯೋನ ದೂರದರ್ಶಕ ಹೆಚ್ಚು ಶಕ್ತಿಯದ್ದಾಗಿತ್ತು, ಅದನ್ನೂ ಹೇಳಬೇಕು. ಆದರೂ ಚಿತ್ರಕಾರನ ಕಣ್ಣು ಇಲ್ಲಿ ಕೆಲಸ ಮಾಡಿದೆ ಅನ್ನುವ ಕಲಾ ಇತಿಹಾಸಕಾರರ ಮಾತು ನನಗೆ ಸರಿ ಅನ್ನಿಸುತ್ತದೆ.

ಮೆದುಳಿನ ನರಕೋಶಗಳ ರಚನೆಯನ್ನು ತೋರಿಸಿ 1906ರಲ್ಲಿ ನೊಬೆಲ್ ಹಂಚಿಕೊಂಡ ಸ್ಪೇನಿನ ರಮೋನ್ ಇ ಕಹಾಲ್ ಹುಡುಗನಾಗಿದ್ದಾಗ ಚಿತ್ರಕಾರ ಆಗಬೇಕು ಅಂತಿದ್ದವನು. ಅವನು ಕೈಯಲ್ಲಿ ಬರೆದ ನರಕೋಶಗಳ ಚಿತ್ರಗಳನ್ನು ಈಗಲೂ ಬಳಸುತ್ತಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವಿದ್ಯಾರ್ಥಿಗಳನ್ನು ಮ್ಯೂಸಿಯಂಗೆ ಕರೆದೊಯ್ದು ಹಳೆಯ ಚಿತ್ರಗಳ ಮುಂದೆ ನಿಲ್ಲಿಸಿ, ಕಂಡದ್ದನ್ನೆಲ್ಲ ಹೇಳಿ ಅಂದರು. ಆಮೇಲೆ ರೋಗಿಗಳ ಫೋಟೋ ನೋಡಿ ಲಕ್ಷಣ ಗುರುತಿಸುವುದರಲ್ಲಿ ಅವರು ಉಳಿದವರಿಗಿಂತ ಮುಂದಿದ್ದರು ಅಂತ 2001ರಲ್ಲಿ ಪ್ರಕಟವಾಯಿತು. ಇದು ಬುದ್ಧಿ ಚುರುಕಾಗುವ ಮಾತಿಗಿಂತ ಬೇರೆ. ನೋಡೋದನ್ನು ಅಭ್ಯಾಸ ಮಾಡಿದವರಿಗೆ ನೋಡಲು ಬಂತು, ಅಷ್ಟೇ.

ಚಾರ್ಲ್ಸ್ ಡಾರ್ವಿನ್ ವಯಸ್ಸಾದ ಮೇಲೆ ಬರೆದುಕೊಂಡ ಮಾತು ನನ್ನನ್ನು ಬಹಳ ತಟ್ಟುತ್ತದೆ. ಚಿಕ್ಕವನಾಗಿದ್ದಾಗ ಕವಿತೆಯಿಂದ ಸಂತೋಷಪಡುತ್ತಿದ್ದವನಿಗೆ ಆಮೇಲೆ ಒಂದು ಸಾಲೂ ಸಹಿಸಲಾಗುತ್ತಿರಲಿಲ್ಲವಂತೆ. ಮತ್ತೆ ಬದುಕು ಸಿಕ್ಕರೆ ವಾರಕ್ಕೆ ಒಮ್ಮೆಯಾದರೂ ಕವಿತೆ ಓದುವ, ಸಂಗೀತ ಕೇಳುವ ನಿಯಮ ಇಟ್ಟುಕೊಳ್ಳುತ್ತಿದ್ದೆ ಅಂತಾನೆ. ಆ ರುಚಿ ಕಳೆದುಕೊಳ್ಳೋದು ಸಂತೋಷವನ್ನೇ ಕಳೆದುಕೊಂಡ ಹಾಗೆ ಅನ್ನೋದು ಅವನ ಅಭಿಪ್ರಾಯ. ವಿಜ್ಞಾನದಲ್ಲಿ ಎಲ್ಲವನ್ನೂ ಸಾಧಿಸಿದವನ ಮಾತು ಇದು.

ಇದೆಲ್ಲ ದುಡ್ಡಿದ್ದವರಿಗೆ. ಬಡವರಿಗೆ ಕೈಕೆಲಸ ಕಲಿಸಿದರೆ ಸಾಕಲ್ವಾ?

ಈ ಪ್ರಶ್ನೆ ಕೇಳಿದಾಗ ನನಗೆ ಸಂಕಟ ಆಗುತ್ತದೆ, ಯಾಕೆಂದರೆ ಬಹಳ ಸಲ ಇದನ್ನು ಕೇಳುವವರು ಬಡವರ ಮೇಲಿನ ಕಾಳಜಿಯಿಂದಲೇ ಕೇಳುತ್ತಾರೆ.

ಈ ಜಗಳ ಹಳೆಯದು. ಅಮೆರಿಕದಲ್ಲಿ ಗುಲಾಮಗಿರಿ ಹೋದ ಮೇಲೆ ಕಪ್ಪು ಜನರಿಗೆ ಎಂಥ ಶಿಕ್ಷಣ ಬೇಕು ಅನ್ನುವ ಪ್ರಶ್ನೆ ಬಂತು. ಬುಕರ್ ಟಿ. ವಾಷಿಂಗ್ಟನ್, ತಾವೇ ಗುಲಾಮರಾಗಿ ಹುಟ್ಟಿದವರು, 1895ರ ಅಟ್ಲಾಂಟಾ ಭಾಷಣದಲ್ಲಿ ಬೇಸಾಯ, ಕಸುಬು, ದುಡಿಮೆ ಮೊದಲು ಅಂದರು. ಇನ್ನೊಬ್ಬ ಕಪ್ಪು ವಿದ್ವಾಂಸ ಡಬ್ಲ್ಯು.ಇ.ಬಿ. ಡುಬಾಯ್ಸ್ 1903ರಲ್ಲಿ ಇದಕ್ಕೆ ಉತ್ತರ ಬರೆದರು. ಕಸುಬು ಬೇಕು, ಆದರೆ ಮನುಷ್ಯರನ್ನು ಬರೀ ಕೆಲಸಗಾರರನ್ನಾಗಿ ಮಾಡಿದರೆ ಅವರು ಯಾವತ್ತೂ ಬೇರೆಯವರ ಅಡಿಯಾಳುಗಳೇ ಅನ್ನೋದು ಅವರ ವಾದ. ಕಸುಬು ಕಲಿಸಲು ಕೂಡ ಓದಿದ ಮೇಷ್ಟ್ರು ಬೇಕು, ಅವರು ಎಲ್ಲಿಂದ ಬರುತ್ತಾರೆ ಅಂತಲೂ ಕೇಳಿದರು. ವಾಷಿಂಗ್ಟನ್ ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ನಾನು ಡುಬಾಯ್ಸ್ ಪಕ್ಷ.

ಅಂಬೇಡ್ಕರ್ ಅವರನ್ನು ನೋಡಿ. 1913ರಿಂದ 1916ರ ತನಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರು ಅರ್ಥಶಾಸ್ತ್ರದ ಜೊತೆಗೆ ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರ ಎಲ್ಲ ಓದಿದರು. ತತ್ವಜ್ಞಾನಿ ಜಾನ್ ಡ್ಯೂಯಿ ಅವರ ಪಾಠಗಳಿಗೆ ಕೂತರು. ಜಾತಿಯನ್ನು ಅವರು ಎದುರಿಸಿದ್ದು ಬರೀ ಕಾನೂನಿನಿಂದಲ್ಲ. ಅದು ಹೇಗೆ ಹುಟ್ಟಿತು, ಯಾಕೆ ಉಳಿದಿದೆ, ಅದನ್ನು ಸಮರ್ಥಿಸುವ ಮಾತುಗಳಲ್ಲಿ ಎಲ್ಲಿ ಮೋಸ ಇದೆ ಅಂತ ಬಿಡಿಸಿ ತೋರಿಸಿದರು. "ನಿನಗೆ ಒಂದು ಕಸುಬು ಸಾಕು" ಅಂತ ಅವರಿಗೆ ಯಾರೋ ಹೇಳಿ, ಅವರು ಕೇಳಿಬಿಟ್ಟಿದ್ದರೆ?

ದಕ್ಷಿಣ ಆಫ್ರಿಕಾದ ರಾಬೆನ್ ದ್ವೀಪದ ಜೈಲಿನಲ್ಲಿ ಒಬ್ಬ ಕೈದಿ ಶೇಕ್ಸ್‌ಪಿಯರ್ ನಾಟಕಗಳ ಸಂಪುಟವನ್ನು ದೀಪಾವಳಿ ಶುಭಾಶಯ ಪತ್ರಗಳ ರಟ್ಟು ಹಾಕಿ, ಇದು ನಮ್ಮ ಧರ್ಮಗ್ರಂಥ ಅಂತ ಕಾವಲುಗಾರರಿಗೆ ಹೇಳಿ ಉಳಿಸಿಕೊಂಡಿದ್ದರು. ಪುಸ್ತಕ ಕೈಯಿಂದ ಕೈಗೆ ಹೋಯಿತು, ಮನಸ್ಸಿಗೆ ಹಿಡಿಸಿದ ಸಾಲಿನ ಪಕ್ಕ ಒಬ್ಬೊಬ್ಬರೂ ಸಹಿ ಹಾಕಿದರು. ನೆಲ್ಸನ್ ಮಂಡೇಲಾ ಸಹಿ 1977ರದ್ದು. ನ್ಯೂಯಾರ್ಕ್ ರಾಜ್ಯದ ಜೈಲುಗಳಲ್ಲಿ ಬಾರ್ಡ್ ಕಾಲೇಜು 1999ರಲ್ಲಿ ಶುರುವಾದ ಕಾರ್ಯಕ್ರಮದಡಿ ಕೈದಿಗಳಿಗೆ ಲಿಬರಲ್ ಆರ್ಟ್ಸ್ ಪದವಿ ಕೊಡುತ್ತಿದೆ. ಅಲ್ಲಿನ ಚರ್ಚಾ ತಂಡ 2015ರಲ್ಲಿ ಹಾರ್ವರ್ಡ್ ತಂಡವನ್ನು ಸೋಲಿಸಿತು.

ಶ್ರೀಮಂತರ ಮಕ್ಕಳ ಶಾಲೆಗಳಲ್ಲಿ ನಾಟಕ, ಸಂಗೀತ, ಚರ್ಚೆ, ದೊಡ್ಡ ಗ್ರಂಥಾಲಯ ಎಲ್ಲ ಇರುತ್ತವೆ. ಬಡವರ ಮಕ್ಕಳ ವಿಷಯ ಬಂದಾಗ ಮಾತ್ರ "ಕೌಶಲ ತರಬೇತಿ" ಅಂತ ಮಾತು ಶುರುವಾಗುತ್ತದೆ. ಈ ಓದು ಅಷ್ಟು ಕೆಲಸಕ್ಕೆ ಬಾರದ್ದಾಗಿದ್ದರೆ, ಅದನ್ನು ಕೊಳ್ಳುವ ಶಕ್ತಿ ಇದ್ದವರು ತಮ್ಮ ಮಕ್ಕಳಿಗೆ ಯಾಕೆ ಕೊಡಿಸುತ್ತಾರೆ?

ಮಗಳು ಇತಿಹಾಸ ಓದುತ್ತೇನೆ ಅಂತಿದ್ದಾಳೆ. ಕೆಲಸ ಸಿಗುತ್ತದಾ?

ಸಿಗುತ್ತದೆ, ಆದರೆ ದಾರಿ ನೇರವಾಗಿ ಇರುವುದಿಲ್ಲ. ಮೊದಲ ಕೆಲವು ವರ್ಷ ಎಂಜಿನಿಯರಿಂಗ್ ಓದಿದವರಷ್ಟು ಸಂಬಳ ಸಾಮಾನ್ಯವಾಗಿ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ಯಾರಿಗೂ ಉಪಕಾರ ಆಗದು. ಪಾಠ, ಪತ್ರಿಕೆ, ಆಡಳಿತ, ಕಾನೂನು, ಪ್ರಕಾಶನ, ಅನುವಾದ, ಮ್ಯೂಸಿಯಂ, ಸಂಶೋಧನೆ ಹೀಗೆ ಬಾಗಿಲುಗಳಿವೆ. ಅವು ತಾವಾಗಿ ತೆರೆಯುವುದಿಲ್ಲ.

ಎರಡು ಸಲಹೆ ಕೊಡುತ್ತೇನೆ. ಇತಿಹಾಸದ ಜೊತೆಗೆ ಕೈಗೆ ಸಿಗುವ ಇನ್ನೊಂದನ್ನು ಕಲಿಯಲಿ. ಸಂಖ್ಯಾಶಾಸ್ತ್ರವೋ, ಲೆಕ್ಕಪತ್ರವೋ, ಪ್ರೋಗ್ರಾಮಿಂಗೋ, ಇನ್ನೊಂದು ಭಾಷೆಯೋ. ಎರಡನೆಯದು, ದೊಡ್ಡ ಸಾಲ ಮಾಡಿ ಹೆಸರುವಾಸಿ ಕಾಲೇಜಿಗೆ ಸೇರಿಸಬೇಡಿ. ಕಟ್ಟಡ ನೋಡಬೇಡಿ, ಮೇಷ್ಟ್ರುಗಳನ್ನು ನೋಡಿ. ಮಕ್ಕಳ ಕೈಲಿ ಬರೆಸಿ, ಬರೆದದ್ದನ್ನು ತಿದ್ದಿ, ಎದುರು ಕೂರಿಸಿ ವಾದ ಮಾಡುವ ಮೇಷ್ಟ್ರು ಇಬ್ಬರಿದ್ದರೂ ಸಾಕು. ಟಿಪ್ಪಣಿ ಹೇಳಿ ಬರೆಸಿಕೊಂಡು ಪರೀಕ್ಷೆಯಲ್ಲಿ ಅದನ್ನೇ ಕಕ್ಕಿಸುವ ಕಡೆ ಯಾವ ವಿಷಯ ಓದಿದರೂ ಅದು ಈ ಶಿಕ್ಷಣ ಆಗುವುದಿಲ್ಲ. ಬಹಳ ಜನ ಕಲಾ ವಿಭಾಗದಿಂದ ಬೇಸತ್ತು ಹೊರಬರುವುದಕ್ಕೆ ಕಾರಣ ವಿಷಯವಲ್ಲ, ಕಲಿಸುವ ರೀತಿ.

ಕೋಟಿಗಟ್ಟಲೆಗೆ ಚಿತ್ರ ಮಾರಾಟ ಆಗುತ್ತದಲ್ಲ, ಕಲೆಯ ಬೆಲೆ ಅದೇ ತಾನೇ?

ಅದು ಮಾರುಕಟ್ಟೆ. ಲಿಯೊನಾರ್ಡೊ ಡಾ ವಿಂಚಿಯದ್ದು ಅನ್ನಲಾದ "ಸಾಲ್ವಾಟೋರ್ ಮುಂಡಿ" ಚಿತ್ರ 1958ರಲ್ಲಿ ಕೇವಲ 45 ಪೌಂಡಿಗೆ ಹೋಗಿತ್ತು. ದುರಸ್ತಿಯಾಗಿ, ಹೆಸರು ಅಂಟಿಕೊಂಡ ಮೇಲೆ 2017ರಲ್ಲಿ 45 ಕೋಟಿ ಡಾಲರಿಗೆ ಹರಾಜಾಯಿತು. ಪೂರ್ತಿ ಅವನದ್ದೇ ಹೌದಾ ಅಂತ ತಜ್ಞರು ಈಗಲೂ ವಾದ ಮಾಡುತ್ತಿದ್ದಾರೆ. ಕೊಂಡವರ ಜೇಬಿನ ಬಗ್ಗೆ ಇದು ಬಹಳ ಹೇಳುತ್ತದೆ.

ಸಾರಾಂಶದ ವಿಡಿಯೋ ನೋಡಿದರೆ ಸಾಲದಾ?

ಕಥೆಯಲ್ಲಿ ಏನಾಯಿತು ಅಂತ ಗೊತ್ತಾಗುತ್ತದೆ. ಅದು ನಿಮಗೆ ಏನು ಮಾಡಬೇಕಿತ್ತೋ ಅದು ಆಗುವುದಿಲ್ಲ.

ಈಗ ಯಂತ್ರವೇ ಕವಿತೆ, ಪ್ರಬಂಧ ಎಲ್ಲ ಬರೆಯುತ್ತದೆ. ಇನ್ನು ಯಾಕೆ ಕಲಿಯಬೇಕು?

ವಿದ್ಯಾರ್ಥಿಯ ಪ್ರಬಂಧ ಜಗತ್ತಿಗೆ ಬೇಕು ಅಂತ ಯಾರೂ ಬರೆಸುವುದಿಲ್ಲ. ಬರೆಯಲು ಕೂತಾಗ "ನನಗೆ ಗೊತ್ತು" ಅಂದುಕೊಂಡದ್ದು ಗೊತ್ತಿಲ್ಲ ಅಂತ ತಿಳಿಯುತ್ತದೆ, ಒಂದು ವಾಕ್ಯ ಇನ್ನೊಂದಕ್ಕೆ ಜಗಳ ತೆಗೆಯುತ್ತದೆ, ಕೊನೆಗೆ ತನ್ನ ಅಭಿಪ್ರಾಯ ಏನು ಅಂತ ಹೊರಬರುತ್ತದೆ. ಯಂತ್ರ ಬರೆದುಕೊಟ್ಟರೆ ಕಾಗದ ಸಿಗುತ್ತದೆ, ಇದು ಸಿಗುವುದಿಲ್ಲ. ಇನ್ನೊಂದು ಮಾತು. ನುಣುಪಾದ ಬರಹ ಎಲ್ಲೆಲ್ಲೂ ಸುಲಭವಾಗಿ ಸಿಗುವಾಗ, ಇದರಲ್ಲಿ ಯಾವುದು ಸುಳ್ಳು, ಯಾವುದು ಟೊಳ್ಳು ಅಂತ ಗುರುತಿಸುವ ಕಣ್ಣು ಜಾಸ್ತಿ ಬೇಕಾಗುತ್ತದೆ.

ಕವಿತೆ, ಆಧುನಿಕ ಚಿತ್ರ ನನಗೆ ಅರ್ಥವೇ ಆಗುವುದಿಲ್ಲ. ನನ್ನ ತಲೆಯಲ್ಲೇ ತೊಂದರೆಯಾ?

ಇಲ್ಲ. ಬಹುಶಃ ಶಾಲೆಯಲ್ಲಿ "ಕವಿಯ ಆಶಯವೇನು?" ಅಂತ ಐದು ಅಂಕಕ್ಕೆ ಕೇಳಿ ನಿಮ್ಮನ್ನು ಹೆದರಿಸಿದ್ದಾರೆ. ಅರ್ಥ ಹುಡುಕುವ ಮೊದಲು ಗಟ್ಟಿಯಾಗಿ ಓದಿ, ಎರಡು ಸಲ. ಚಿತ್ರವಾದರೆ ಪಕ್ಕದ ಫಲಕ ಓದದೆ ಹತ್ತು ನಿಮಿಷ ಅದರ ಮುಂದೆಯೇ ನಿಲ್ಲಿ. ಮೊದಲ ಎರಡು ನಿಮಿಷ ಬೇಜಾರಾಗುತ್ತದೆ, ಆಮೇಲೆ ಕಣ್ಣು ಕೆಲಸ ಶುರು ಮಾಡುತ್ತದೆ. ಅಷ್ಟಾದ ಮೇಲೂ ಇಷ್ಟವಾಗದಿದ್ದರೆ ಮುಂದೆ ಹೋಗಿ. ಎಲ್ಲವೂ ಎಲ್ಲರಿಗೂ ಹಿಡಿಸಬೇಕಿಲ್ಲ, ಕೆಲವು ನಿಜವಾಗಿಯೂ ಚೆನ್ನಾಗಿರುವುದಿಲ್ಲ.

ನನಗೆ ವಯಸ್ಸಾಯಿತು, ಕೆಲಸ, ಸಂಸಾರ ಇದೆ. ಈಗ ಎಲ್ಲಿಂದ ಶುರು ಮಾಡಲಿ?

ನಿಮಗೆ ಈಗಾಗಲೇ ಇರುವ ಒಂದು ಪ್ರಶ್ನೆಯಿಂದ. "ಓದಲೇಬೇಕಾದ ನೂರು ಪುಸ್ತಕ" ಥರದ ಪಟ್ಟಿಗಳನ್ನು ಬಿಟ್ಟುಬಿಡಿ, ಅವು ಅಪರಾಧಿ ಭಾವ ಬಿಟ್ಟು ಬೇರೇನೂ ಕೊಡುವುದಿಲ್ಲ. ನ್ಯಾಯದ ಬಗ್ಗೆ ಯೋಚನೆ ಇದ್ದರೆ ಅದರ ಬಗ್ಗೆ ಒಂದು ಕಾದಂಬರಿ, ಒಂದು ಇತಿಹಾಸದ ಪುಸ್ತಕ, ಒಂದು ತತ್ವಶಾಸ್ತ್ರದ ಪುಟ್ಟ ಪುಸ್ತಕ ಒಟ್ಟಿಗೆ ಇಟ್ಟುಕೊಳ್ಳಿ. ಮೂರೂ ಬೇರೆ ಬೇರೆ ಮಾತು ಹೇಳುತ್ತವೆ, ಅಲ್ಲಿಂದಲೇ ಯೋಚನೆ ಹುಟ್ಟುತ್ತದೆ. ದಿನಕ್ಕೆ ಹತ್ತು ಪುಟ ಸಾಕು. ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಜಗಳ ಆಡಿ. ಹಿಡಿಸದ ಪುಸ್ತಕವನ್ನು ಅರ್ಧಕ್ಕೇ ಬಿಡಿ, ಯಾರೂ ಅಂಕ ಕಳೆಯುವುದಿಲ್ಲ. ಸಾಧ್ಯವಾದರೆ ಜೊತೆಗೆ ಓದಲು ಇನ್ನೊಬ್ಬರನ್ನು ಹುಡುಕಿಕೊಳ್ಳಿ, ನಿಮ್ಮ ಮಾತಿಗೆಲ್ಲ ತಲೆಯಾಡಿಸದವರನ್ನು. ಗ್ರಂಥಾಲಯದಲ್ಲಿ ಪುಸ್ತಕಕ್ಕೆ ದುಡ್ಡು ಬೇಕಿಲ್ಲ, ಹಳೆಯ ಪುಸ್ತಕಗಳು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ಒಳ್ಳೆಯ ವಿಶ್ವವಿದ್ಯಾಲಯಗಳ ಪಾಠಗಳ ವಿಡಿಯೋಗಳೂ ಇವೆ. ಓದುವುದರ ಜೊತೆಗೆ ಕೈಯಲ್ಲೂ ಏನಾದರೂ ಮಾಡಿ. ಒಂದು ವಾದ್ಯ, ರೇಖಾಚಿತ್ರ, ನಾಟಕದಲ್ಲಿ ಒಂದು ಚಿಕ್ಕ ಪಾತ್ರ. ಚೆನ್ನಾಗಿ ಬರದಿದ್ದರೂ ಪರವಾಗಿಲ್ಲ. ಸ್ವತಃ ಎರಡು ವಾರ ಹಾಡಲು ಪ್ರಯತ್ನಿಸಿದವರು ಒಳ್ಳೆಯ ಹಾಡುಗಾರರನ್ನು ಕೇಳುವ ರೀತಿಯೇ ಬೇರೆ.